ಸತ್ಯವೇ ಪಾರು ಮಾಡಿತು: ಹಝ್ರತ್ ಕಅಬ್ ಬಿನ್ ಮಾಲಿಕ್(ರ)

ಸುಳ್ಳು ಹೇಳುವುದು ಪಾಪವೆಂದು ತಿಳಿಯದ ಮುಸ್ಲಿಮನಿಲ್ಲ. ಆದರೂ ಒಂದು ಸುಳ್ಳಾದರೂ ಇಲ್ಲದೆ ಕಳೆಯುವ ದಿನಗಳು ನಮ್ಮಲ್ಲಿ ಎಷ್ಟಿವೆ? ನೆಲಮಂಗಲದ ಪಕ್ಕದ ಅರಿಶಿನಕುಂಟೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತೇ, ಯಶವಂತಪುರ ದಾಟಿದ್ದೇನೆಂದು ಮೊಬೈಲಿನಲ್ಲಿ ಧಣಿಗೆ ಹೇಳುವವರಿದ್ದಾರೆ. ಸಾಲ ಕೇಳಲು ಬಂದವನಿಗೆ ಅಬ್ಬಾ ಮನೆಯಲ್ಲಿಲ್ಲವೆಂದು ಮಗುವಿನ ಬಾಯಿಂದಲೇ ಹೇಳಿಸುವವರಿದ್ದಾರೆ. ಕೆಲಸಕ್ಕೆ ಹೋಗದ ದಿನ ಗಟ್ಟಿಮುಟ್ಟಾಗಿ ಓಡಾಡುವ ಅಜ್ಜಿಯನ್ನು ಆಸ್ಪತ್ರೆಯಲ್ಲಿ ಮಲಗಿಸುವವರೂ ಇದ್ದಾರೆ. ಯಾರಾದರೂ ಎಚ್ಚರಿಸಿದರೆ, ಮೂರು ಕಡೆಗಳಲ್ಲಿ ಸುಳ್ಳಿಗೆ ಅನುಮತಿ ಇದೆಯಲ್ಲವೇ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಸಿದ್ಧವಾಗಿರುತ್ತದೆ.

ಅನುಮತಿಯ ಮಾತು ಹದೀಸ್‌ನಲ್ಲಿ ಇರುವುದು ನಿಜ. ಆದರೆ ಅದು ಯಾರ ರಕ್ಷಣೆಗಾಗಿ ಇದೆ, ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ನಾವು ವಿಚಾರಿಸುವುದು ಕಡಿಮೆ. ಇದನ್ನು ವಾದಗಳಿಗಿಂತ ಸ್ಪಷ್ಟವಾಗಿ ಒಬ್ಬ ಸಹಾಬಿಯ ಬದುಕು ತಿಳಿಸಿಕೊಡುತ್ತದೆ. ಮಾತಿನಲ್ಲಿ ಅವರಷ್ಟು ಚತುರರು ವಿರಳ. ನೆಪ ಹೇಳಿ ತಪ್ಪಿಸಿಕೊಳ್ಳುವ ದಾರಿ ಅವರ ಮುಂದೆ ಅಗಲವಾಗಿ ತೆರೆದಿತ್ತು. ಆ ದಾರಿಯಲ್ಲಿ ಹೋದ ಎಂಬತ್ತಕ್ಕೂ ಹೆಚ್ಚು ಮಂದಿ ಅಂದೇ ನಿಶ್ಚಿಂತರಾಗಿ ಮನೆ ಸೇರಿದರು. ಆದರೆ ಇವರು ಸತ್ಯ ನುಡಿದು ಐವತ್ತು ದಿನಗಳ ಶಿಕ್ಷೆ ಅನುಭವಿಸಿದರು. ಅವರೇ ಹಝ್ರತ್ ಕಅಬ್ ಬಿನ್ ಮಾಲಿಕ್(ರ).

ಯಸ್ರಿಬಿನ ಕವಿ

ಕಅಬ್(ರ) ಮದೀನಾದವರು, ಖಝ್ರಜ್ ಗೋತ್ರದ ಬನೂ ಸಲಿಮಾ ಕುಟುಂಬಕ್ಕೆ ಸೇರಿದವರು. ಇಸ್ಲಾಮ್ ಆ ಊರಿಗೆ ಬರುವ ಮೊದಲೇ, ಅದಕ್ಕೆ ಯಸ್ರಿಬ್ ಎಂಬ ಹೆಸರಿದ್ದ ಕಾಲದಲ್ಲೇ, ಅವರು ಕವಿಯೆಂದು ಪ್ರಸಿದ್ಧರಾಗಿದ್ದರು. ಅರಬರಲ್ಲಿ ಕವಿಯ ಮಾತಿಗೆ ಕತ್ತಿಯಷ್ಟೇ ಬೆಲೆಯಿತ್ತು. ಒಂದು ಗೋತ್ರದ ಮಾನವನ್ನು ಏರಿಸುವ, ಇನ್ನೊಂದರ ಮಾನವನ್ನು ಇಳಿಸುವ ಶಕ್ತಿ ಅದಕ್ಕಿತ್ತು.

ಕ್ರಿ.ಶ. 622ರಲ್ಲಿ ಹಜ್ಜ್ ಯಾತ್ರಿಕರ ಜೊತೆ ಅವರು ಮಕ್ಕಾಕ್ಕೆ ಬಂದರು. ತಮ್ಮ ಕುಟುಂಬದ ಹಿರಿಯರಾದ ಬರಾ ಬಿನ್ ಮಅರೂರ್(ರ) ಅವರೊಂದಿಗೆ ಪ್ರವಾದಿವರ್ಯರನ್ನು(ಸ) ಹುಡುಕಿಕೊಂಡು ಮಸ್ಜಿದುಲ್ ಹರಾಮ್‌ಗೆ ಹೋದಾಗ, ಪ್ರವಾದಿವರ್ಯರ(ಸ) ಚಿಕ್ಕಪ್ಪ ಅಬ್ಬಾಸ್ ಇಬ್ಬರನ್ನೂ ಪರಿಚಯಿಸಿದರು. ಕಅಬ್‌ರ ಹೆಸರು ಕೇಳುತ್ತಲೇ ಪ್ರವಾದಿವರ್ಯರು(ಸ), ಕವಿಯಾದ ಕಅಬರೇ ಎಂದು ವಿಚಾರಿಸಿದರು. ಆ ಒಂದು ಪ್ರಶ್ನೆಯ ಸಂತಸವನ್ನು ಕಅಬ್(ರ) ಜೀವಮಾನವಿಡೀ ಮರೆಯಲಿಲ್ಲ.

ಅದೇ ಯಾತ್ರೆಯ ಒಂದು ರಾತ್ರಿ ಅಕಬಾ ಕಣಿವೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಅನ್ಸಾರರು ಪ್ರವಾದಿವರ್ಯರ(ಸ) ಕೈಯಲ್ಲಿ ಪ್ರತಿಜ್ಞೆ ಕೈಗೊಂಡರು. ಆ ಭೇಟಿಯ ಸುದ್ದಿ ಕುರೈಶರ ಕಿವಿಗೆ ಬೀಳದಂತೆ, ಜೊತೆಗೆ ಬಂದಿದ್ದ ಬಹುದೇವಾರಾಧಕರೂ ಎಚ್ಚರಗೊಳ್ಳದಂತೆ ಅವರು ಬಿಡಾರಗಳಿಂದ ಸದ್ದಿಲ್ಲದೆ ಎದ್ದು ಬಂದಿದ್ದರು. ಕಅಬ್(ರ) ಅವರಲ್ಲಿ ಒಬ್ಬರು. ಬದ್ರ್ ಯುದ್ಧದಲ್ಲಿ ಭಾಗವಹಿಸುವ ಭಾಗ್ಯ ಅವರಿಗೆ ಸಿಗಲಿಲ್ಲ. ಆದರೆ ಅಕಬಾದ ಆ ರಾತ್ರಿಯನ್ನು ಬದ್ರ್‌ಗೆ ಬದಲಾಗಿ ಕೊಡಲು ತಾನು ಸಿದ್ಧನಲ್ಲವೆಂದು ಅವರು ಮುಂದೆ ಹೇಳುತ್ತಿದ್ದರು.

ಹಿಜ್ರಾದ ನಂತರ ಹಸ್ಸಾನ್ ಬಿನ್ ಸಾಬಿತ್(ರ), ಅಬ್ದುಲ್ಲಾ ಬಿನ್ ರವಾಹಾ(ರ) ಮತ್ತು ಕಅಬ್(ರ) - ಈ ಮೂವರು ಪ್ರವಾದಿವರ್ಯರ(ಸ) ಕವಿಗಳೆನಿಸಿದರು. ಶತ್ರುಗಳ ನಿಂದೆಗೆ ಕವಿತೆಯಲ್ಲಿ ಉತ್ತರಿಸುವ ಹೊಣೆ ಅವರ ಮೇಲಿತ್ತು. ಇವರ ಮಾತುಗಾರಿಕೆ ಎಷ್ಟರದೆಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಏಕೆಂದರೆ ಮುಂದೆ ಪರೀಕ್ಷೆಗೆ ಒಳಗಾದುದು ಇದೇ ನಾಲಿಗೆ.

ಉಹುದ್‌ನಲ್ಲಿ ಒಂದು ಸನ್ನೆ

ಹಿಜ್ರಾ 3ನೇ ವರ್ಷ ಉಹುದ್‌ನಲ್ಲಿ ಮುಸ್ಲಿಮರ ಸಾಲು ಚದುರಿತು. ಪ್ರವಾದಿವರ್ಯರು(ಸ) ಹುತಾತ್ಮರಾದರೆಂಬ ಸುಳ್ಳು ಸುದ್ದಿ ಹಬ್ಬಿ, ಎಷ್ಟೋ ಮಂದಿ ಕೈಚೆಲ್ಲಿ ಕುಳಿತರು. ಆಗ ಶಿರಸ್ತ್ರಾಣದ ಕೆಳಗೆ ಹೊಳೆಯುತ್ತಿದ್ದ ಎರಡು ಕಣ್ಣುಗಳನ್ನು ಕಂಡು ಪ್ರವಾದಿವರ್ಯರನ್ನು(ಸ) ಮೊದಲು ಗುರುತಿಸಿದವರು ಕಅಬ್(ರ). ಸಂತೋಷ ತಡೆಯಲಾರದೆ ಅವರು ಮುಸ್ಲಿಮರಿಗೆ ಆ ಶುಭವಾರ್ತೆಯನ್ನು ಗಟ್ಟಿಯಾಗಿ ಕೂಗಿ ಹೇಳಿದರು. ಪ್ರವಾದಿವರ್ಯರು(ಸ) ಅವರಿಗೆ ಸುಮ್ಮನಿರುವಂತೆ ಸನ್ನೆ ಮಾಡಿದರು. ಆ ದಿನ ಕಅಬ್(ರ) ಮೈತುಂಬ ಗಾಯಗೊಂಡು ಮರಳಿದರೆಂದು ಚರಿತ್ರೆಕಾರರು ಬರೆದಿದ್ದಾರೆ.

ಆ ಸನ್ನೆಯಲ್ಲಿ ಒಂದು ಪಾಠವಿದೆ. ಕಅಬ್(ರ) ಕೂಗಿದ ಮಾತು ಅಪ್ಪಟ ಸತ್ಯ. ಆದರೆ ಆ ಗಳಿಗೆಯಲ್ಲಿ ಅದು ಶತ್ರುವಿಗೆ ಪ್ರವಾದಿವರ್ಯರು(ಸ) ಇರುವ ಜಾಗವನ್ನು ತೋರಿಸಿಕೊಡುವಂತಿತ್ತು. ಸತ್ಯವಂತನಾಗಿರುವುದೆಂದರೆ ತಿಳಿದದ್ದನ್ನೆಲ್ಲ ಎಲ್ಲರ ಮುಂದೆ ಕೂಗುವುದಲ್ಲ. ಮೌನ ಸುಳ್ಳಲ್ಲ. ಒಂದು ಜೀವವನ್ನು ಕಾಪಾಡುವ ಮೌನವಂತೂ ಕರ್ತವ್ಯವೇ ಆಗಿಬಿಡುತ್ತದೆ.

ಮಾಗಿದ ಹಣ್ಣು, ತಂಪಾದ ನೆರಳು

ಹಿಜ್ರಾ 9ನೇ ವರ್ಷ, ಅಂದರೆ ಕ್ರಿ.ಶ. 630ರಲ್ಲಿ, ರೋಮನರ ದಾಳಿಯ ಸುದ್ದಿ ಮದೀನಾಕ್ಕೆ ತಲುಪಿತು. ಉತ್ತರದ ತಬೂಕ್‌ಗೆ ಹೊರಡಬೇಕೆಂದು ತೀರ್ಮಾನವಾಯಿತು. ಮದೀನಾದಿಂದ ತಬೂಕ್ ಸುಮಾರು 700 ಕಿಲೋಮೀಟರ್. ಹೆಚ್ಚು ಕಡಿಮೆ ನಮ್ಮ ಬೆಂಗಳೂರಿನಿಂದ ಬೀದರ್‌ಗೆ ಇರುವಷ್ಟು ದೂರ. ಅದೂ ಮರುಭೂಮಿಯಲ್ಲಿ, ಸುಡುವ ಬೇಸಿಗೆಯಲ್ಲಿ.

ಸಾಮಾನ್ಯವಾಗಿ ಪ್ರವಾದಿವರ್ಯರು(ಸ) ದಂಡಯಾತ್ರೆಗೆ ಹೊರಡುವಾಗ ಹೋಗುವ ದಿಕ್ಕನ್ನು ಬಹಿರಂಗಪಡಿಸುತ್ತಿರಲಿಲ್ಲ. ಕೇಳಿದವರಿಗೆ ಬೇರೆ ಕಡೆ ಹೊರಟಿದ್ದಾರೆಂದು ತೋರುವಂತೆ ಮಾತನಾಡುತ್ತಿದ್ದರು. ಶತ್ರುವಿನ ಗೂಢಚಾರರಿಗೆ ಸುಳಿವು ಸಿಗದಿರಲೆಂದು, ಸೈನಿಕರ ರಕ್ತ ವೃಥಾ ಹರಿಯದಿರಲೆಂದು ಈ ಎಚ್ಚರಿಕೆ. ಆದರೆ ತಬೂಕ್‌ನ ವಿಷಯದಲ್ಲಿ ಅವರು ಏನನ್ನೂ ಮರೆಮಾಡಲಿಲ್ಲ. ದಾರಿ ದೂರ, ಬಿಸಿಲು ಕಠಿಣ, ಶತ್ರು ಸಂಖ್ಯೆ ದೊಡ್ಡದು. ಜನರು ತಕ್ಕ ಸಿದ್ಧತೆ ಮಾಡಿಕೊಳ್ಳಲೆಂದು ಗುರಿಯನ್ನು ಸ್ಪಷ್ಟವಾಗಿ ತಿಳಿಸಿದರು. ಯುದ್ಧದ ಗುಟ್ಟಿನ ಬಗ್ಗೆ ನಮಗೆ ಈ ವಿವರ ತಿಳಿಸಿದವರೂ ಕಅಬ್(ರ) ಅವರೇ. ಶತ್ರುವಿನ ಮುಂದೆ ಗುಟ್ಟು ಇರಬಹುದು, ಆದರೆ ಕಷ್ಟಕ್ಕೆ ಹೆಗಲು ಕೊಡಬೇಕಾದ ತನ್ನವರ ಮುಂದೆ ಸ್ಪಷ್ಟತೆ ಬೇಕೆಂಬುದು ಇದರಿಂದ ತಿಳಿಯುತ್ತದೆ.

ಕಅಬ್‌ರಿಗೆ(ರ) ಯಾವ ಕೊರತೆಯೂ ಇರಲಿಲ್ಲ. ಆರೋಗ್ಯವಿತ್ತು, ಹಣವಿತ್ತು. ಹಿಂದೆಂದೂ ಎರಡು ಸವಾರಿ ಒಂಟೆಗಳನ್ನು ಒಟ್ಟಿಗೆ ಕಂಡಿರದ ಅವರ ಬಳಿ ಆಗ ಎರಡು ಒಂಟೆಗಳಿದ್ದವು. ಇನ್ನೊಂದೆಡೆ ಮದೀನಾದ ತೋಟಗಳಲ್ಲಿ ಹಣ್ಣು ಮಾಗಿತ್ತು, ನೆರಳು ತಂಪಾಗಿತ್ತು. ಅವರ ಮನಸ್ಸು ಅತ್ತ ವಾಲಿತು.

ಮೊದಲ ದಿನ ಸಿದ್ಧತೆಗೆಂದು ಹೊರಟು ಏನೂ ಮಾಡದೆ ಮರಳಿದರು. ಬೇಕೆಂದಾಗ ಮಾಡಿಕೊಳ್ಳಬಲ್ಲೆನೆಂಬ ಭರವಸೆ. ಮರುದಿನವೂ ಹಾಗೆಯೇ ಆಯಿತು. ಒಂದು ಬೆಳಿಗ್ಗೆ ಸೇನೆ ಹೊರಟೇಬಿಟ್ಟಿತು. ಒಂದೆರಡು ದಿನದಲ್ಲಿ ಹೊರಟು ದಾರಿಯಲ್ಲಿ ಸೇರಿಕೊಳ್ಳುತ್ತೇನೆಂದುಕೊಂಡರು. ಅದೂ ಆಗಲಿಲ್ಲ. ಸೇನೆ ಬಹುದೂರ ಸಾಗಿತು. ಅವರು ಇಸ್ಲಾಮನ್ನು ವಿರೋಧಿಸಿ ಉಳಿದವರಲ್ಲ. ನಾಳೆ, ನಾಳೆ ಎಂದು ಉಳಿದವರು. ನಮ್ಮಲ್ಲಿ ಎಷ್ಟೋ ಮಂದಿಯ ತಪ್ಪುಗಳು ಹೀಗೆಯೇ ಆರಂಭವಾಗುತ್ತವೆ. ಸುಳ್ಳು ಹುಟ್ಟುವುದೂ ಅಲ್ಲಿಯೇ, ಮಾಡಬೇಕಾದುದನ್ನು ಮಾಡದೆ ಉಳಿದ ಖಾಲಿ ಜಾಗದಲ್ಲಿ.

ಅವರು ಊರಿನಲ್ಲಿ ಓಡಾಡಿದಾಗ ಕಂಡವರೆಂದರೆ ಕಾಪಟ್ಯಕ್ಕೆ ಹೆಸರಾದವರು, ಇಲ್ಲವೇ ಅಲ್ಲಾಹನು ವಿನಾಯಿತಿ ಕೊಟ್ಟ ದುರ್ಬಲರು. ತಮ್ಮಂತಹವರು ಒಬ್ಬರೂ ಕಣ್ಣಿಗೆ ಬೀಳಲಿಲ್ಲ. ಅತ್ತ ತಬೂಕ್‌ನಲ್ಲಿ ಪ್ರವಾದಿವರ್ಯರು(ಸ) ಕಅಬ್‌ರ ಬಗ್ಗೆ ವಿಚಾರಿಸಿದರು. ಒಬ್ಬರು ಅವರನ್ನು ಸುಖಲೋಲುಪನೆಂಬಂತೆ ಜರೆದರು. ಮುಆದ್ ಬಿನ್ ಜಬಲ್(ರ) ಕೂಡಲೇ ಅದನ್ನು ಖಂಡಿಸಿ, ಕಅಬ್‌ರಲ್ಲಿ ತಾವು ಒಳಿತನ್ನಷ್ಟೇ ಕಂಡಿದ್ದಾಗಿ ಸಾಕ್ಷಿ ನುಡಿದರು. ಪ್ರವಾದಿವರ್ಯರು(ಸ) ಮೌನವಾಗಿದ್ದರು.

ನೆಪಗಳ ಸಾಲು

ಸೇನೆ ಮರಳುತ್ತಿದೆಯೆಂಬ ಸುದ್ದಿ ಬಂದಾಗ ಕಅಬ್‌ರಿಗೆ(ರ) ಚಿಂತೆ ಹತ್ತಿತು. ಏನು ಹೇಳಿ ಪಾರಾಗಲಿ ಎಂದು ಮನಸ್ಸಿನಲ್ಲೇ ಸುಳ್ಳುಗಳನ್ನು ಹೆಣೆಯತೊಡಗಿದರು. ಮನೆಯ ತಿಳಿದವರ ಸಲಹೆಯನ್ನೂ ಕೇಳಿದರು. ಇದನ್ನು ಅವರು ಮುಂದೆ ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿಕೊಂಡಿದ್ದಾರೆ. ಸಹಾಬಿಗಳ ಮನಸ್ಸಿಗೂ ಸುಳ್ಳಿನ ಸೆಳೆತ ಬರುತ್ತಿತ್ತು. ಅವರ ದೊಡ್ಡತನ ಆ ಸೆಳೆತಕ್ಕೆ ಸೋಲದಿರುವುದರಲ್ಲಿತ್ತು. ಪ್ರವಾದಿವರ್ಯರು(ಸ) ಮದೀನಾಕ್ಕೆ ಸಮೀಪಿಸಿದರೆಂದು ತಿಳಿದಾಗ, ಹೆಣೆದ ಸುಳ್ಳುಗಳೆಲ್ಲ ಅವರ ಮನಸ್ಸಿನಿಂದ ಕಳಚಿಬಿದ್ದವು. ಸುಳ್ಳನ್ನು ಬೆರೆಸಿ ಎಂದೂ ಪಾರಾಗಲಾರೆನೆಂದು ಅವರಿಗೆ ಮನದಟ್ಟಾಯಿತು. ಸತ್ಯವನ್ನೇ ಹೇಳಲು ನಿಶ್ಚಯಿಸಿದರು.

ಪ್ರವಾದಿವರ್ಯರು(ಸ) ಬೆಳಿಗ್ಗೆ ಬಂದರು. ಪ್ರಯಾಣದಿಂದ ಮರಳಿದಾಗಿನ ರೂಢಿಯಂತೆ ಮೊದಲು ಮಸೀದಿಗೆ ಹೋಗಿ ಎರಡು ರಕ್‌ಅತ್ ನಮಾಝ್ ನಿರ್ವಹಿಸಿ ಜನರಿಗಾಗಿ ಕುಳಿತರು. ಹಿಂದೆ ಉಳಿದಿದ್ದವರು ಒಬ್ಬೊಬ್ಬರಾಗಿ ಬಂದರು. ಎಂಬತ್ತಕ್ಕೂ ಹೆಚ್ಚು ಮಂದಿ ನೆಪ ಹೇಳಿದರು, ಆಣೆ ಹಾಕಿದರು. ಪ್ರವಾದಿವರ್ಯರು(ಸ) ಅವರ ಹೊರಗಿನ ಮಾತನ್ನು ಸ್ವೀಕರಿಸಿ, ಅವರಿಗಾಗಿ ಕ್ಷಮೆ ಯಾಚಿಸಿ, ಒಳಗಿನದನ್ನು ಅಲ್ಲಾಹನಿಗೆ ಬಿಟ್ಟರು.

ಕಅಬ್(ರ) ಬಂದು ಸಲಾಮ್ ಹೇಳಿದಾಗ ಪ್ರವಾದಿವರ್ಯರು(ಸ) ನಸುನಕ್ಕರು. ಆದರೆ ಅದು ಅಸಮಾಧಾನದ ನಗು. ವಾಹನವನ್ನು ಖರೀದಿಸಿದ್ದೂ ಏಕೆ ಉಳಿದಿರೆಂದು ವಿಚಾರಿಸಿದರು. ತಮಗೆ ಮಾತಿನ ಕಲೆ ಒಲಿದಿದೆ, ಲೋಕದ ಬೇರೆ ಯಾರ ಮುಂದೆ ಕುಳಿತಿದ್ದರೂ ಏನಾದರೊಂದು ನೆಪ ಹೇಳಿ ಅವರ ಕೋಪದಿಂದ ತಪ್ಪಿಸಿಕೊಳ್ಳುತ್ತಿದ್ದೆನೆಂದು ಕಅಬ್(ರ) ಒಪ್ಪಿಕೊಂಡರು. ಇಂದು ಸುಳ್ಳಿನಿಂದ ಪ್ರವಾದಿಯನ್ನು ಮೆಚ್ಚಿಸಿದರೆ ನಾಳೆ ಅಲ್ಲಾಹನು ಅವರ ಕೋಪವನ್ನು ತಮ್ಮ ಮೇಲೆ ತಿರುಗಿಸುವನು. ಸತ್ಯ ಹೇಳಿದರೆ ಈಗ ಕೋಪ ಬಂದರೂ ಅಲ್ಲಾಹನ ಕ್ಷಮೆಯ ನಿರೀಕ್ಷೆಯಿದೆ ಎಂದು ವಿವರಿಸಿದರು. ತಮಗೆ ಯಾವ ಅಡಚಣೆಯೂ ಇರಲಿಲ್ಲ, ಅಂದಿನಷ್ಟು ಶಕ್ತಿಯೂ ಅನುಕೂಲವೂ ಹಿಂದೆಂದೂ ಇರಲಿಲ್ಲವೆಂದು ಹೇಳಿ ಸುಮ್ಮನಾದರು. ಇವರು ಸತ್ಯ ಹೇಳಿದ್ದಾರೆಂದು ಪ್ರವಾದಿವರ್ಯರು(ಸ) ನುಡಿದರು. ಅಲ್ಲಾಹನ ತೀರ್ಪು ಬರುವವರೆಗೆ ಎದ್ದು ಹೋಗುವಂತೆ ತಿಳಿಸಿದರು.

ಹೊರಗೆ ಬರುತ್ತಿದ್ದಂತೆ ಬನೂ ಸಲಿಮಾದ ಬಂಧುಗಳು ಹಿಂಬಾಲಿಸಿ ತರಾಟೆಗೆ ತೆಗೆದುಕೊಂಡರು. ಹಿಂದೆ ಯಾವ ಅಪರಾಧವನ್ನೂ ಮಾಡದವರು ಇದೊಂದಕ್ಕೆ ನೆಪ ಹೇಳಿದ್ದರೆ ಪ್ರವಾದಿಯ ಪ್ರಾರ್ಥನೆಯೇ ಸಾಕಾಗುತ್ತಿತ್ತು ಎಂಬುದು ಅವರ ವಾದ. ಹಿತ ಬಯಸುವ ಬಂಧುಗಳೇ ಸುಳ್ಳಿಗೆ ಒತ್ತಾಯಿಸುವುದು ಇಂದಿನ ಸಂಗತಿಯಷ್ಟೇ ಅಲ್ಲ. ಆ ಒತ್ತಾಯ ಎಷ್ಟಿತ್ತೆಂದರೆ, ಮರಳಿ ಹೋಗಿ ತಾನು ಹೇಳಿದ್ದು ಸುಳ್ಳೆಂದು ಹೇಳಿಬಿಡಲೇ ಎಂದು ಕಅಬ್‌ರಿಗೆ(ರ) ಅನಿಸಿತು. ಆಗ ಅವರು, ತನ್ನಂತೆ ಉತ್ತರಿಸಿದವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಮುರಾರಾ ಬಿನ್ ರಬೀಅ್(ರ) ಮತ್ತು ಹಿಲಾಲ್ ಬಿನ್ ಉಮಯ್ಯಾ(ರ) ಎಂಬ ಇಬ್ಬರ ಹೆಸರು ಕೇಳಿಬಂತು. ಇಬ್ಬರೂ ಸಜ್ಜನರು, ಬದ್ರ್‌ನಲ್ಲಿ ಭಾಗವಹಿಸಿದವರು. ಅವರ ಹೆಸರು ಕೇಳಿದ ಮೇಲೆ ಕಅಬ್(ರ) ಹಿಂತಿರುಗಿ ನೋಡಲಿಲ್ಲ. ಸತ್ಯದ ಮೇಲೆ ನಿಲ್ಲುವವನಿಗೆ ಸತ್ಯವಂತರ ಸಂಗ ಎಂತಹ ಊರುಗೋಲು ಎಂಬುದನ್ನು ಇಲ್ಲಿ ಕಾಣಬಹುದು.

ಐವತ್ತು ದಿನಗಳು

ಈ ಮೂವರೊಂದಿಗೆ ಯಾರೂ ಮಾತನಾಡಬಾರದೆಂದು ಪ್ರವಾದಿವರ್ಯರು(ಸ) ಆಜ್ಞಾಪಿಸಿದರು. ಹುಟ್ಟಿ ಬೆಳೆದ ಮದೀನಾ ಕಅಬ್‌ರಿಗೆ(ರ) ಅಪರಿಚಿತ ಊರಾಯಿತು. ಉಳಿದಿಬ್ಬರು ಮನೆಯಲ್ಲೇ ಕುಳಿತು ಅಳುತ್ತಿದ್ದರು. ಕಅಬ್(ರ) ವಯಸ್ಸಿನಲ್ಲಿ ಕಿರಿಯರು, ಗಟ್ಟಿಗರು. ಅವರು ಜಮಾಅತಿಗೆ ಹೋಗುತ್ತಿದ್ದರು, ಪೇಟೆಯಲ್ಲಿ ತಿರುಗಾಡುತ್ತಿದ್ದರು. ಯಾರೂ ಬಾಯಿ ತೆರೆಯುತ್ತಿರಲಿಲ್ಲ. ನಮಾಝ್‌ನ ನಂತರ ಪ್ರವಾದಿವರ್ಯರಿಗೆ(ಸ) ಸಲಾಮ್ ಹೇಳಿ, ಉತ್ತರಕ್ಕಾಗಿ ಅವರ ತುಟಿಗಳು ಅಲುಗಿದವೋ ಇಲ್ಲವೋ ಎಂದು ನೋಡುತ್ತಿದ್ದರು. ಅವರ ಸಮೀಪವೇ ನಮಾಝ್‌ಗೆ ನಿಂತು ಕಳ್ಳನೋಟ ಬೀರುತ್ತಿದ್ದರು. ತಾವು ನಮಾಝ್‌ನಲ್ಲಿ ತೊಡಗಿದಾಗ ಪ್ರವಾದಿವರ್ಯರು(ಸ) ತಮ್ಮತ್ತ ನೋಡುವುದೂ, ತಾವು ತಿರುಗಿದಾಗ ಮುಖ ಬೇರೆಡೆಗೆ ಹೊರಳಿಸುವುದೂ ಅವರ ಗಮನಕ್ಕೆ ಬಂದಿತ್ತು.

ಒಂದು ದಿನ ತಾಳಲಾರದೆ ದಾಯಾದಿ ಸಹೋದರ ಅಬೂ ಕತಾದಾ(ರ) ಅವರ ತೋಟದ ಗೋಡೆ ಹತ್ತಿ ಒಳಗಿಳಿದರು. ಕಅಬ್‌ರಿಗೆ(ರ) ಅವರಿಗಿಂತ ಪ್ರಿಯರಾದವರಿರಲಿಲ್ಲ. ಸಲಾಮ್ ಹೇಳಿದರು, ಉತ್ತರ ಬರಲಿಲ್ಲ. ತಾನು ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುತ್ತೇನೆಂದು ತಿಳಿದಿದೆಯಲ್ಲವೇ ಎಂದು ಆಣೆಯಿಟ್ಟು ಮೂರು ಬಾರಿ ಕೇಳಿದರು. ಮೂರನೆಯ ಬಾರಿ ಅಬೂ ಕತಾದಾ(ರ), ಅದನ್ನು ಅಲ್ಲಾಹನೂ ಅವನ ಸಂದೇಶವಾಹಕರೂ ಚೆನ್ನಾಗಿ ಬಲ್ಲರೆಂದಷ್ಟೇ ನುಡಿದರು. ಕಅಬ್‌ರ(ರ) ಕಣ್ಣು ತುಂಬಿ ಹರಿಯಿತು. ಬಂದ ಗೋಡೆಯನ್ನೇ ಹತ್ತಿ ಹೊರಗಿಳಿದರು.

ಆ ಅವಧಿಯಲ್ಲೇ ಸಿರಿಯಾದಿಂದ ಧಾನ್ಯ ಮಾರಲು ಬಂದಿದ್ದ ಒಬ್ಬ ರೈತ ಪೇಟೆಯಲ್ಲಿ ಕಅಬ್‌ರನ್ನು(ರ) ವಿಚಾರಿಸಿದ. ಜನರು ಬಾಯಿಬಿಡದೆ ಅವರತ್ತ ಕೈ ತೋರಿಸಿದರು. ಅವನು ಗಸ್ಸಾನ್ ದೊರೆಯ ಪತ್ರವನ್ನು ಕೊಟ್ಟ. ಅವರ ಒಡೆಯರು ಅವರನ್ನು ಕಡೆಗಣಿಸಿರುವುದಾಗಿ ತಿಳಿಯಿತು, ಅವಮಾನ ಸಹಿಸಿ ಅಲ್ಲಿರುವ ಅಗತ್ಯವಿಲ್ಲ, ತಮ್ಮಲ್ಲಿಗೆ ಬಂದರೆ ಆದರಿಸುವೆವೆಂಬುದು ಅದರ ಸಾರ. ಹಸಿದವನ ಮುಂದೆ ಊಟದ ತಟ್ಟೆ ಇಟ್ಟಂತಿತ್ತು ಆ ಪತ್ರ. ಕಅಬ್(ರ) ಇದೂ ಒಂದು ಪರೀಕ್ಷೆಯೆಂದು ತಿಳಿದು ಅದನ್ನು ಒಲೆಗೆ ಹಾಕಿ ಸುಟ್ಟರು.

ನಲವತ್ತು ದಿನ ಕಳೆದ ಮೇಲೆ ಪತ್ನಿಯಿಂದ ದೂರವಿರಬೇಕೆಂಬ ಆಜ್ಞೆ ಬಂತು. ತಲಾಕ್ ಕೊಡಬೇಕೇ ಎಂದು ವಿಚಾರಿಸಿದಾಗ, ಹಾಗಲ್ಲ, ಸಮೀಪಿಸಬಾರದಷ್ಟೇ ಎಂದು ತಿಳಿಸಲಾಯಿತು. ಅಲ್ಲಾಹನ ತೀರ್ಪು ಬರುವವರೆಗೆ ತವರಿನಲ್ಲಿರುವಂತೆ ಹೇಳಿ ಪತ್ನಿಯನ್ನು ಕಳುಹಿಸಿದರು. ಹಿಲಾಲ್(ರ) ವೃದ್ಧರಾಗಿದ್ದರಿಂದ, ನೋಡಿಕೊಳ್ಳುವವರಿಲ್ಲದ್ದರಿಂದ, ಅವರ ಪತ್ನಿ ಸೇವೆಗಾಗಿ ಉಳಿಯಲು ಅನುಮತಿ ಕೇಳಿ ಪಡೆದರು. ಕಅಬ್‌ರೂ(ರ) ಹಾಗೆ ಕೇಳಲೆಂದು ಮನೆಯವರು ಸೂಚಿಸಿದರು. ತಾನು ಯುವಕನಾಗಿರುವಾಗ ಅಂತಹ ಕಾರಣ ಹೇಳುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ನೆಪ ಹೇಳಲು ಮತ್ತೊಮ್ಮೆ ಅವಕಾಶ ಬಂದಿತ್ತು, ಮತ್ತೊಮ್ಮೆ ಅವರು ಅದನ್ನು ಬಿಟ್ಟರು.

ಸಲ್‌ಅ ಬೆಟ್ಟದ ಕೂಗು

ಐವತ್ತನೆಯ ರಾತ್ರಿ ಕಳೆದು ಫಜ್ರ್ ನಮಾಝ್ ಮುಗಿಸಿ ಅವರು ತಮ್ಮ ಮನೆಯ ಮಾಳಿಗೆಯ ಮೇಲೆ ಕುಳಿತಿದ್ದರು. ವಿಶಾಲವಾದ ಭೂಮಿಯೇ ತಮಗೆ ಇಕ್ಕಟ್ಟಾಗಿತ್ತು, ತಮ್ಮ ಜೀವವೇ ತಮಗೆ ಭಾರವಾಗಿತ್ತು. ಅಷ್ಟರಲ್ಲಿ ಸಲ್‌ಅ ಬೆಟ್ಟದ ಮೇಲಿನಿಂದ ಒಬ್ಬರು ಗಟ್ಟಿಯಾಗಿ ಕೂಗಿ ಕಅಬ್‌ರಿಗೆ(ರ) ಶುಭವಾರ್ತೆ ತಿಳಿಸಿದರು. ಅವರು ಅಲ್ಲೇ ಸುಜೂದ್‌ಗೆ ಬಿದ್ದರು. ಫಜ್ರ್‌ನ ನಂತರ ಪ್ರವಾದಿವರ್ಯರು(ಸ) ಮೂವರ ತೌಬಾ ಸ್ವೀಕೃತವಾದುದನ್ನು ಪ್ರಕಟಿಸಿದ್ದರು. ಸುದ್ದಿ ತಿಳಿಸಲು ಒಬ್ಬರು ಕುದುರೆಯೇರಿ ಬಂದರು. ಬೆಟ್ಟದಿಂದ ಕೂಗಿದವರ ಧ್ವನಿ ಕುದುರೆಗಿಂತ ಮೊದಲು ತಲುಪಿತ್ತು. ಕೂಗಿದವರು ಎದುರಿಗೆ ಬಂದಾಗ ಕಅಬ್(ರ) ತಾವು ಉಟ್ಟಿದ್ದ ಎರಡು ಬಟ್ಟೆಗಳನ್ನೂ ಬಿಚ್ಚಿ ಅವರಿಗೆ ತೊಡಿಸಿದರು. ಆಗ ಅವರ ಬಳಿ ಬೇರೆ ಬಟ್ಟೆಯಿರಲಿಲ್ಲ. ಎರವಲು ಪಡೆದು ಉಟ್ಟುಕೊಂಡು ಮಸೀದಿಗೆ ಧಾವಿಸಿದರು.

ದಾರಿಯುದ್ದಕ್ಕೂ ಜನರು ಗುಂಪು ಗುಂಪಾಗಿ ಅಭಿನಂದಿಸಿದರು. ಮಸೀದಿಯಲ್ಲಿ ತಲ್ಹಾ ಬಿನ್ ಉಬೈದುಲ್ಲಾ(ರ) ಎದ್ದು ಓಡಿ ಬಂದು ಕೈಕುಲುಕಿದರು. ಆ ಕೈಯ ಬಿಸುಪನ್ನು ಕಅಬ್(ರ) ಕೊನೆಯವರೆಗೂ ಸ್ಮರಿಸುತ್ತಿದ್ದರು. ಪ್ರವಾದಿವರ್ಯರ(ಸ) ಮುಖ ಚಂದ್ರನ ತುಣುಕಿನಂತೆ ಬೆಳಗುತ್ತಿತ್ತು. ಹುಟ್ಟಿದಂದಿನಿಂದ ಕಂಡ ದಿನಗಳಲ್ಲೆಲ್ಲ ಇದು ಶ್ರೇಷ್ಠ ದಿನವೆಂದು ಅವರು ಶುಭ ಹೇಳಿದರು. ಕೃತಜ್ಞತೆಯಿಂದ ಕಅಬ್(ರ) ತಮ್ಮ ಎಲ್ಲ ಸಂಪತ್ತನ್ನೂ ದಾನ ಮಾಡಲು ಮುಂದಾದಾಗ, ಸ್ವಲ್ಪವನ್ನು ಉಳಿಸಿಕೊಳ್ಳುವಂತೆ ಪ್ರವಾದಿವರ್ಯರು(ಸ) ಸಲಹೆ ನೀಡಿದರು. ಅವರು ಖೈಬರ್‌ನ ತಮ್ಮ ಪಾಲನ್ನು ಉಳಿಸಿಕೊಂಡರು. ಸತ್ಯದಿಂದಲೇ ಅಲ್ಲಾಹನು ಪಾರು ಮಾಡಿದನು, ಇನ್ನು ಜೀವವಿರುವ ತನಕ ಸತ್ಯವನ್ನಲ್ಲದೆ ನುಡಿಯುವುದಿಲ್ಲ ಎಂಬುದು ಅಂದು ಅವರು ಕೈಗೊಂಡ ಪ್ರತಿಜ್ಞೆ.

ಈ ಮೂವರ ಕ್ಷಮೆಯ ವಿಷಯ ಪವಿತ್ರ ಕುರ್‌ಆನಿನ 9ನೇ ಅಧ್ಯಾಯವಾದ ಅತ್ತೌಬಾದ 118ನೇ ಸೂಕ್ತದಲ್ಲಿದೆ. ಅದರ ಬೆನ್ನಿಗೇ 119ನೇ ಸೂಕ್ತದಲ್ಲಿ ಸತ್ಯವಿಶ್ವಾಸಿಗಳು ಅಲ್ಲಾಹನನ್ನು ಭಯಪಟ್ಟು ಸತ್ಯವಂತರ ಜೊತೆಗಿರಬೇಕೆಂಬ ಆದೇಶವಿದೆ. ಆಣೆ ಹಾಕಿ ಪಾರಾದವರ ವಿಷಯವೂ ಅದೇ ಅಧ್ಯಾಯದ 95 ಮತ್ತು 96ನೇ ಸೂಕ್ತಗಳಲ್ಲಿದೆ. ಜನರು ಅವರನ್ನು ಮೆಚ್ಚಿದರೂ ಅಲ್ಲಾಹನು ಮೆಚ್ಚಲಾರನೆಂಬುದು ಅಲ್ಲಿನ ಎಚ್ಚರಿಕೆ. ಒಂದು ಗುಂಪಿಗೆ ಐವತ್ತು ದಿನಗಳ ಸಂಕಟದ ನಂತರ ನಿತ್ಯದ ಗೌರವ. ಇನ್ನೊಂದು ಗುಂಪಿಗೆ ಒಂದು ಬೆಳಗಿನ ನೆಮ್ಮದಿಯ ನಂತರ ನಿತ್ಯದ ಅವಮಾನ.

ಅನುಮತಿ ಎಲ್ಲಿಯವರೆಗೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಜನರ ನಡುವೆ ಒಳ್ಳೆಯ ಮಾತನ್ನು ತಲುಪಿಸಿ ಸಂಧಾನ ಮಾಡುವವನು ಸುಳ್ಳುಗಾರನಲ್ಲವೆಂಬ ಹದೀಸನ್ನು ವರದಿ ಮಾಡಿದವರು ಉಮ್ಮು ಕುಲ್ಸೂಮ್ ಬಿಂತ್ ಉಕ್ಬಾ(ರ). ಇಸ್ಲಾಮಿನ ಕಡುವೈರಿಯೊಬ್ಬನ ಮಗಳಾಗಿ ಹುಟ್ಟಿ, ಸತ್ಯವನ್ನು ಆರಿಸಿಕೊಂಡು ಮಕ್ಕಾದಿಂದ ಮದೀನಾಕ್ಕೆ ಹಿಜ್ರಾ ಮಾಡಿದ ಧೀರ ಮಹಿಳೆ ಅವರು. ಯುದ್ಧ, ಜನರ ನಡುವಿನ ಸಂಧಾನ, ಪತಿ-ಪತ್ನಿಯರ ಪರಸ್ಪರ ಮಾತು - ಈ ಮೂರರಲ್ಲಿ ಮಾತ್ರ ರಿಯಾಯಿತಿ ಇದೆಯೆಂದು ಸಹೀಹ್ ಮುಸ್ಲಿಮ್‌ನಲ್ಲಿ ಬಂದಿದೆ.

ಯುದ್ಧದ ರಿಯಾಯಿತಿಯನ್ನು ತಬೂಕ್‌ನ ಸಂದರ್ಭದಲ್ಲಿ ಕಂಡೆವು. ಅದಕ್ಕೂ ಗಡಿಯಿದೆ. ಹುದೈಫಾ(ರ) ಮತ್ತು ಅವರ ತಂದೆಯನ್ನು ದಾರಿಯಲ್ಲಿ ಹಿಡಿದ ಕುರೈಶರು, ಪ್ರವಾದಿಯ ಪರವಾಗಿ ಯುದ್ಧ ಮಾಡುವುದಿಲ್ಲವೆಂಬ ಮಾತು ಪಡೆದು ಬಿಟ್ಟಿದ್ದರು. ಬದ್ರ್‌ನಲ್ಲಿ ಮುಸ್ಲಿಮರು ಮುನ್ನೂರರ ಆಸುಪಾಸಿನಲ್ಲಿದ್ದರು, ಒಬ್ಬೊಬ್ಬರೂ ಅಮೂಲ್ಯ. ಆದರೂ ಪ್ರವಾದಿವರ್ಯರು(ಸ) ಆ ಇಬ್ಬರಿಗೂ ಶತ್ರುವಿಗೆ ಕೊಟ್ಟ ಮಾತನ್ನು ಪಾಲಿಸಿ ಮರಳಲು ಹೇಳಿದರು. ಯುದ್ಧದ ತಂತ್ರ ಬೇರೆ, ವಚನಭಂಗ ಬೇರೆ.

ಸಂಧಾನದ ವಿಷಯದಲ್ಲಿಯೂ ಕಅಬ್‌ರ(ರ) ಬದುಕಿನಲ್ಲೇ ಒಂದು ಘಟನೆಯಿದೆ. ತಮ್ಮಿಂದ ಸಾಲ ಪಡೆದಿದ್ದ ಇಬ್ನು ಅಬೀ ಹದ್ರದ್(ರ) ಅವರೊಂದಿಗೆ ಮಸೀದಿಯಲ್ಲೇ ಅವರಿಗೆ ವಾಗ್ವಾದವಾಯಿತು, ಧ್ವನಿ ಏರಿತು. ಮನೆಯಲ್ಲಿದ್ದ ಪ್ರವಾದಿವರ್ಯರು(ಸ) ಪರದೆ ಸರಿಸಿ ಕಅಬ್‌ರನ್ನು(ರ) ಕರೆದು, ಅರ್ಧ ಬಿಟ್ಟುಬಿಡುವಂತೆ ಕೈಸನ್ನೆ ಮಾಡಿದರು. ಅವರು ತಕ್ಷಣ ಒಪ್ಪಿದರು. ಸಾಲಗಾರನಿಗೆ ಎದ್ದು ಉಳಿದರ್ಧ ತೀರಿಸುವಂತೆ ಹೇಳಲಾಯಿತು. ಒಂದು ಸುಳ್ಳೂ ಇಲ್ಲದೆ ಜಗಳ ಮುಗಿಯಿತು. ಸತ್ಯದಿಂದಲೇ ಸಂಧಾನ ಸಾಧ್ಯವಿರುವಾಗ ಬೇರೆ ದಾರಿಯ ಅಗತ್ಯವೇ ಇಲ್ಲ. ಆದರೆ ಮುನಿಸಿಕೊಂಡ ಅಣ್ಣ ತಮ್ಮಂದಿರ ನಡುವೆ ನಿಂತವನು ಒಬ್ಬನ ಬೈಗುಳವನ್ನು ನುಂಗಿ, ಅವನ ಮನಸ್ಸಿನಲ್ಲಿ ಪ್ರೀತಿಯಿದೆಯೆಂದು ಇನ್ನೊಬ್ಬನಿಗೆ ತಿಳಿಸಿದರೆ, ಅವನನ್ನು ಸುಳ್ಳುಗಾರರ ಸಾಲಿಗೆ ಸೇರಿಸಬಾರದು.

ಪತಿ-ಪತ್ನಿಯರ ನಡುವಿನ ರಿಯಾಯಿತಿಯೂ ಪ್ರೀತಿಯ ಮಾತಿಗೆ ಸಂಬಂಧಿಸಿದ್ದು. ಸಾರಿಗೆ ಉಪ್ಪು ಕಡಿಮೆಯಾದರೂ ಚೆನ್ನಾಗಿದೆಯೆನ್ನುವುದು ಒಂದು. ಸಂಬಳವನ್ನು ಮುಚ್ಚಿಟ್ಟು ಮನೆ ಖರ್ಚಿಗೆ ಇಲ್ಲವೆನ್ನುವುದು, ಪತ್ನಿಯ ಒಡವೆಯನ್ನು ತಿಳಿಸದೆ ಅಡವಿಟ್ಟು ಕಳೆದುಹೋಯಿತೆನ್ನುವುದು ಇನ್ನೊಂದು. ಒಬ್ಬರ ಹಕ್ಕನ್ನು ಕಸಿಯುವ ವಂಚನೆ ಪತಿಗಾಗಲಿ ಪತ್ನಿಗಾಗಲಿ ನಿಷಿದ್ಧವೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲವೆಂದು 1277ರಲ್ಲಿ ನಿಧನರಾದ ಇಮಾಮ್ ನವವಿ ವಿವರಿಸಿದ್ದಾರೆ.

ಅವರಿಗಿಂತ ಹಿಂದಿನವರಾದ, 1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿ ಇದಕ್ಕೆ ಒಂದು ಅಳತೆಗೋಲನ್ನು ಕೊಟ್ಟಿದ್ದಾರೆ. ಮಾತು ಒಂದು ಸಾಧನ. ಒಳ್ಳೆಯ ಉದ್ದೇಶವೊಂದು ಸತ್ಯದಿಂದ ನೆರವೇರುವಂತಿದ್ದರೆ ಅಲ್ಲಿ ಸುಳ್ಳು ನಿಷಿದ್ಧ. ಅಮಾಯಕನ ಜೀವ ತೆಗೆಯಲು ಬಂದ ದುಷ್ಟನು ಅವನು ಅಡಗಿರುವ ಜಾಗ ಕೇಳಿದಾಗ ಬೇರೆ ದಾರಿಯೇ ಇಲ್ಲದಿದ್ದರೆ, ಅವನನ್ನು ಕಾಪಾಡುವುದೇ ಕಡ್ಡಾಯ. ಆದಷ್ಟು ಮಟ್ಟಿಗೆ ನೇರ ಸುಳ್ಳನ್ನು ಬಿಟ್ಟು, ಎರಡು ಅರ್ಥ ಬರುವ ಮಾತಿನಿಂದ ಪಾರಾಗುವುದು ಒಳ್ಳೆಯದೆಂದೂ ವಿದ್ವಾಂಸರು ಹೇಳಿದ್ದಾರೆ. ರಿಯಾಯಿತಿ ಎಂಬುದೇ ಈ ಎರಡರ್ಥದ ಮಾತಿಗೆ ಮಾತ್ರ ಸೀಮಿತವೆಂದವರೂ ಇದ್ದಾರೆ.

ಈ ರಿಯಾಯಿತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಜೀವವನ್ನು ಕಾಪಾಡಲು, ಮುರಿದ ಮನಸ್ಸುಗಳನ್ನು ಬೆಸೆಯಲು, ಮನೆಯ ಪ್ರೀತಿಯನ್ನು ಉಳಿಸಲು ಇವು ಇವೆ. ತಾನು ಮಾಡಿದ ತಪ್ಪಿನ ಹೊಣೆಯಿಂದ ಜಾರಿಕೊಳ್ಳಲು, ಇನ್ನೊಬ್ಬರ ಹಣ ನುಂಗಲು, ಬಂದ ಬೈಗುಳವನ್ನು ತಪ್ಪಿಸಲು ಒಂದೂ ಇಲ್ಲ. ಕಅಬ್‌ರ(ರ) ಮುಂದಿದ್ದ ನೆಪ ಈ ಕೊನೆಯ ಬಗೆಯದು. ಆದ್ದರಿಂದಲೇ ಅವರು ಅನುಮತಿಯ ಮಾತೆತ್ತಲಿಲ್ಲ.

ಮಗುವನ್ನು ಕರೆಯಲು ಏನೋ ಕೊಡುತ್ತೇನೆಂದ ತಾಯಿಯೊಬ್ಬರನ್ನು, ಏನು ಕೊಡುವಿರೆಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಖರ್ಜೂರವೆಂದು ಅವರು ಹೇಳಿದಾಗ, ಏನನ್ನೂ ಕೊಡದಿದ್ದರೆ ಒಂದು ಸುಳ್ಳು ಬರೆಯಲ್ಪಡುತ್ತಿತ್ತೆಂದು ಎಚ್ಚರಿಸಿದರು. ಸುಳ್ಳು ಮಕ್ಕಳಿಗೆ ಹೊರಗಿನಿಂದ ಬರುವುದಕ್ಕಿಂತ ಮೊದಲು ಮನೆಯ ಹೊಸ್ತಿಲಿನಿಂದ ಬರುತ್ತದೆ. ಅಬ್ಬಾ ಇಲ್ಲವೆಂದು ಬಾಗಿಲಲ್ಲಿ ಹೇಳಿ ಬಂದ ಮಗು, ನಾಳೆ ಅಂಕಪಟ್ಟಿಯನ್ನು ಅಬ್ಬಾನಿಂದಲೇ ಮುಚ್ಚಿಟ್ಟರೆ ಯಾರನ್ನು ದೂರುವುದು? ಸಾಲಗಾರನಾದ ತಂದೆ ತಾನೇ ಎದ್ದು ಬಾಗಿಲಿಗೆ ಹೋಗಿ, ಇವತ್ತು ಹಣವಿಲ್ಲ, ಇಂತಹ ದಿನ ಕೊಡುತ್ತೇನೆಂದು ಹೇಳಿದರೆ ಒಂದು ಗಳಿಗೆ ಮುಖ ಸಣ್ಣದಾಗಬಹುದು. ಆದರೆ ಒಳಗೆ ನಿಂತು ಕೇಳಿಸಿಕೊಳ್ಳುವ ಮಗುವಿಗೆ ಅಂದು ಸಿಗುವ ಪಾಠ ಯಾವ ಮದ್ರಸಾದಲ್ಲೂ ಸಿಗಲಾರದು.

ಕೊನೆಯ ದಿನಗಳು

ಕಅಬ್(ರ) ದೀರ್ಘಕಾಲ ಬದುಕಿದರು. ಪ್ರವಾದಿವರ್ಯರ(ಸ) ವಿಯೋಗವನ್ನೂ, ಕ್ರಿ.ಶ. 656ರಲ್ಲಿ ಖಲೀಫಾ ಉಸ್ಮಾನ್(ರ) ಅವರ ಹತ್ಯೆಯನ್ನೂ ಕಂಡರು. ಆ ದುಃಖವನ್ನು ಕವಿತೆಯಲ್ಲಿ ಹಾಡಿದರು. ಮುಆವಿಯಾ(ರ) ಅವರ ಆಡಳಿತಕಾಲದಲ್ಲಿ ನಿಧನರಾದರು. ಇಳಿವಯಸ್ಸಿನಲ್ಲಿ ಅವರ ಕಣ್ಣು ಕಾಣಿಸದಾಯಿತು. ಮಕ್ಕಳು ಕೈಹಿಡಿದು ಮಸೀದಿಗೆ ಕರೆದುಕೊಂಡು ಹೋಗುತ್ತಿದ್ದರು. ಜುಮಾದ ಅಝಾನ್ ಕೇಳಿದಾಗಲೆಲ್ಲ ಅವರು ಅಸ್ಅದ್ ಬಿನ್ ಝುರಾರಾ(ರ) ಅವರಿಗಾಗಿ ಪ್ರಾರ್ಥಿಸುತ್ತಿದ್ದರು. ಕಾರಣ ಕೇಳಿದ ಮಗನಿಗೆ, ಮದೀನಾದಲ್ಲಿ ಮೊದಲು ತಮ್ಮನ್ನು ಜುಮಾಕ್ಕೆ ಒಟ್ಟುಗೂಡಿಸಿದವರು ಅವರೆಂದು ತಿಳಿಸಿದರು. ಅಂದು ಸೇರಿದ್ದವರು ಸುಮಾರು ನಲವತ್ತು ಮಂದಿಯಷ್ಟೇ.

ಅವರ ಕೈಹಿಡಿದು ನಡೆಸುತ್ತಿದ್ದ ಮಗ ಅಬ್ದುಲ್ಲಾ ಅವರ ಮೂಲಕವೇ ತಬೂಕ್‌ನ ಈ ವೃತ್ತಾಂತ ನಮಗೆ ತಲುಪಿದೆ. ಒಬ್ಬ ತಂದೆ ತನ್ನ ಸೋಮಾರಿತನವನ್ನು, ತಾನು ಹೆಣೆದ ಸುಳ್ಳುಗಳನ್ನು, ತಾನು ಅನುಭವಿಸಿದ ಬಹಿಷ್ಕಾರವನ್ನು ಯಾವುದನ್ನೂ ಬಿಡದೆ ಮಗನಿಗೆ ಹೇಳಿದರು. ಮಗನ ಕಣ್ಣಿನಲ್ಲಿ ಸಣ್ಣವರಾಗುವ ಭಯ ಅವರಿಗಿರಲಿಲ್ಲ. ಇಸ್ಲಾಮ್ ಸ್ವೀಕಾರದ ನಂತರ ತಮಗೆ ದೊರೆತ ಅನುಗ್ರಹಗಳಲ್ಲಿ ಅಂದು ಸತ್ಯ ನುಡಿದುದಕ್ಕಿಂತ ದೊಡ್ಡದು ಬೇರೊಂದಿಲ್ಲವೆಂಬುದು ಅವರ ದೃಢ ನಂಬಿಕೆಯಾಗಿತ್ತು.

ತಪ್ಪು ಮಾಡದ ಮನುಷ್ಯನಿಲ್ಲ. ತಪ್ಪಿನ ನಂತರ ಎರಡು ದಾರಿಗಳಿರುತ್ತ‌ವೆ: ಒಂದರಲ್ಲಿ ನೆಪ, ಇನ್ನೊಂದರಲ್ಲಿ ತೌಬಾ. ಮೊದಲನೆಯದು ಹತ್ತಿರದ ದಾರಿಯೆಂದು ಕಂಡರೂ ಅದರ ಕೊನೆಯಲ್ಲಿ ಅಲ್ಲಾಹನ ಮೆಚ್ಚುಗೆಯಿಲ್ಲ. ಎರಡನೆಯದು ಕಠಿಣ, ಅದರಲ್ಲಿ ನಡೆಯುವವನಿಗೆ ಕೆಲವೊಮ್ಮೆ ಬಂಧುಗಳೂ ಬೆನ್ನು ತಿರುಗಿಸಬಹುದು. ನಮ್ಮನ್ನೂ ನಮ್ಮ ಮಕ್ಕಳನ್ನೂ ಸತ್ಯವಂತರ ಜೊತೆ ಸೇರಿಸುವಂತೆ ಅಲ್ಲಾಹನಲ್ಲಿ ಬೇಡಿಕೊಳ್ಳೋಣ. ಆಮೀನ್.